‘ಗೋ’ ಧಾತುವೂ ಅದರ ಬೆನ್ನ ಹಿಂದಿನ ಅವ್ಯಯಗಳೂ

ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನು ನಮ್ಮ ವಾಚಕರಲ್ಲಿ ಹಲವರು ಕಂಡಿರಬಹುದು. 12ನೆಯ ಶತಮಾನದಲ್ಲಿ ಅದು ಉಚ್ಚಂಗಿಯ ಪಾಂಡ್ಯರ ನೆಲೆಯಾಗಿತ್ತು. ಹೊಯ್ಸಳ ಇಮ್ಮಡಿ ಬಲ್ಲಾಳನು ಅದನ್ನು ಗೆದ್ದು ‘ಗಿರಿದುರ್ಗಮಲ್ಲ’ನೆನಿಸಿಕೊಂಡನು. ಇಂದು ಅಲ್ಲಿಗೆ ಬರುವವರು ಉಚ್ಚಂಗೆಮ್ಮನ ಯಾತ್ರಿಕರು, ಇಲ್ಲವೇ ಶಾಲೆಯ ಪ್ರವಾಸದ ಮಕ್ಕಳು. ಅಂಥ ಯಾತ್ರಿಕನೊಬ್ಬನು ಮಾಡುವುದನ್ನು ಕನ್ನಡದಲ್ಲಿ ಹೇಳಿ ನೋಡೋಣ. ಅವನು ಬೆಟ್ಟವನ್ನು ಹತ್ತುತ್ತಾನೆ, ಕೋಟೆಯ ಬಾಗಿಲನ್ನು ದಾಟುತ್ತಾನೆ, ಗುಡಿಯನ್ನು ಹೊಗುತ್ತಾನೆ, ದರ್ಶನವಾದ ಮೇಲೆ ಹೊರಡುತ್ತಾನೆ, ಕೊನೆಗೆ ಬೆಟ್ಟವನ್ನು ಇಳಿಯುತ್ತಾನೆ. ಐದು ಕೆಲಸ, ಐದು ಧಾತು. ಇದನ್ನೇ ಇಂಗ್ಲಿಷರ ಮನೆಯ ಐದು ವರ್ಷದ ಮಗು ಒಂದೇ ಧಾತುವಿನಿಂದ ಮುಗಿಸಿಬಿಡುತ್ತದೆ: ‘ಗೋ ಅಪ್’, ‘ಗೋ ಥ್ರೂ’, ‘ಗೋ ಇನ್’, ‘ಗೋ ಔಟ್’, ‘ಗೋ ಡೌನ್’.

ಇಲ್ಲಿ ‘ಗೋ’ ಎಂಬುದು ಚಲನೆಯನ್ನಷ್ಟೇ ಹೇಳುತ್ತದೆ. ದಾರಿ ಯಾವುದೆಂಬುದನ್ನು ಹೇಳುವ ಹೊಣೆ ಹಿಂದಿನಿಂದ ಬರುವ ಪುಟ್ಟ ಅವ್ಯಯದ್ದು. ನಮ್ಮ ‘ಹತ್ತು’, ‘ಇಳಿ’ ಮುಂತಾದ ಧಾತುಗಳಾದರೋ ಚಲನೆಯನ್ನೂ ದಾರಿಯನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡಿವೆ. ‘ಮೇಲೆ ಹೋಗು’, ‘ಹೊರಗೆ ಹೋಗು’ ಎಂದು ನಾವೂ ಹೇಳುವುದುಂಟು, ನಿಜ. ಆಗ ಅವ್ಯಯವು ಧಾತುವಿನ ಮುಂದೆ ನಿಲ್ಲುತ್ತದೆ, ಇಂಗ್ಲಿಷಿನಲ್ಲಿ ಹಿಂದೆ. ಅಮೆರಿಕದ ಭಾಷಾಶಾಸ್ತ್ರಜ್ಞ ಲೆನರ್ಡ್ ಟಾಲ್ಮಿಯವರು 1985ರಲ್ಲಿ ಪ್ರಕಟಿಸಿದ ಒಂದು ಪ್ರಬಂಧವು, ದಾರಿಯ ಅರ್ಥವನ್ನು ಭಾಷೆಗಳು ಎಲ್ಲಿ ಅಡಗಿಸಿಡುತ್ತವೆಂಬ ಈ ಪ್ರಶ್ನೆಯನ್ನು ವ್ಯಾಪಕವಾದ ಚರ್ಚೆಗೆ ತಂದಿತು. ಸ್ಪ್ಯಾನಿಷ್ ಮೊದಲಾದವು ಧಾತುವಿನೊಳಗೆ ಇಡುತ್ತವೆ; ಇಂಗ್ಲಿಷ್, ಜರ್ಮನ್ ಮೊದಲಾದವು ಹೊರಗೆ ಇಡುತ್ತವೆ.

ಧಾತುವಿಗೆ ದಾರಿಯ ಹೊರೆ ಇಲ್ಲದುದರಿಂದ ಅದು ಬೇರೆ ಸಂಗತಿಯನ್ನು ಹೊರಬಲ್ಲದು. ‘ಹಿ ರ‍್ಯಾನ್ ಅಪ್’ ಎಂದರೆ ಓಡುತ್ತ ಹತ್ತಿದನು. ‘ಹಿ ಕ್ರಾಲ್ಡ್ ಔಟ್’ ಎಂದರೆ ತೆವಳುತ್ತ ಹೊರಬಂದನು. ನಮ್ಮ ವಿದ್ಯಾರ್ಥಿಗಳಿಗೆ ನಗು ತರಿಸುವ ‘ಕ್ಲೈಮ್ ಡೌನ್’ ಎಂಬ ಪ್ರಯೋಗದ ಗುಟ್ಟೂ ಇದೇ. ‘ಕೆಳಕ್ಕೆ ಹತ್ತುವುದು ಹೇಗೆ ಸ್ವಾಮಿ?’ ಎಂದು ಅವರು ಕೇಳುತ್ತಾರೆ. ‘ಹತ್ತು’ ಎಂಬುದರಲ್ಲಿ ‘ಮೇಲಕ್ಕೆ’ ಎಂಬ ಅರ್ಥ ಕರಗಿಹೋಗಿದೆಯಾದ್ದರಿಂದ ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ‘ಕ್ಲೈಮ್’ ಎಂಬುದರ ತಿರುಳು ಕೈಕಾಲೂರಿ ಪ್ರಯಾಸದಿಂದ ಸಾಗುವುದು. ದುರ್ಗದ ಬಂಡೆಯ ಮೇಲೆ ಕೈಯೂರಿ ಹಿಮ್ಮುಖವಾಗಿ ಇಳಿಯುವ ಹುಡುಗನು ಮಾಡುವುದು ಸಾಕ್ಷಾತ್ ‘ಕ್ಲೈಮ್ ಡೌನ್’.

ಇನ್ನೊಂದು ವಿಷಯ. ಕನ್ನಡದ ಮಕ್ಕಳಿಗೆ ಪ್ರವಾಸದ ಮೇಲೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಲು ಹೇಳಿದರೆ ‘ವಿ ಅಸೆಂಡೆಡ್ ದಿ ಹಿಲ್’, ‘ವಿ ಎಂಟರ್ಡ್ ದಿ ಟೆಂಪಲ್’, ‘ವಿ ಡಿಸೆಂಡೆಡ್’ ಎಂದು ಬರೆಯುವುದನ್ನು ನಾವು ಹಲವು ಸಲ ಕಂಡಿದ್ದೇವೆ. ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೂ ಅದು ಕಚೇರಿಯ ವರದಿಯಂತೆ ಕೇಳಿಸುತ್ತದೆ. ‘ಅಸೆಂಡ್’, ‘ಪಾಸ್’, ‘ಎಂಟರ್’, ‘ಡಿಪಾರ್ಟ್’, ‘ಡಿಸೆಂಡ್’ ಎಂಬ ಐದೂ ಲ್ಯಾಟಿನ್ ಮೂಲದಿಂದ, ಹೆಚ್ಚಾಗಿ ಫ್ರೆಂಚಿನ ಮೂಲಕ, ಇಂಗ್ಲಿಷಿಗೆ ಬಂದ ಧಾತುಗಳು. ಅವೂ ನಮ್ಮ ಹತ್ತು, ದಾಟು, ಹೊಗು, ಹೊರಡು, ಇಳಿಗಳಂತೆ ದಾರಿಯನ್ನು ಒಳಗಿಟ್ಟುಕೊಂಡವು. ಒಂದು ಮಾತಿಗೆ ಒಂದು ಮಾತು ಸರಿಹೊಂದುವುದರಿಂದ ನಮ್ಮ ಹುಡುಗನ ಕೈ ಅವುಗಳ ಕಡೆಗೇ ಓಡುತ್ತದೆ. ಇಂಗ್ಲಿಷರ ಮನೆಮಾತು ಅವನಿಗೆ ಪರಕೀಯವಾಗಿಯೇ ಉಳಿಯುತ್ತದೆ.

ಪರಿಣಾಮವು ಕೆಲವೊಮ್ಮೆ ಗಂಭೀರವಾಗಬಹುದು. ನಮಗೆ ಪರಿಚಿತನಾದ ಆ ಸೀಮೆಯ ತರುಣನೊಬ್ಬನು ಮೊದಲ ಬಾರಿ ಕೆಲಸದ ಸಂದರ್ಶನಕ್ಕೆ ಹೋಗಿದ್ದನು. ಓದಿನಲ್ಲಿ ಜಾಣ. ಉತ್ತರ ಹೇಳುತ್ತ ನಡುವೆ ತಡವರಿಸಿದನು. ಎದುರಿಗಿದ್ದವರು ಧೈರ್ಯ ಕೊಡಲೆಂದು ‘ಗೋ ಆನ್, ಗೋ ಆನ್’ ಎಂದರು. ಅವನ ಕಿವಿಗೆ ಬಿದ್ದದ್ದು ‘ಗೋ’ ಮಾತ್ರ! ನಮಸ್ಕರಿಸಿ ಎದ್ದು ಹೊರಟೇಬಿಟ್ಟನು. ‘ಮುಂದುವರಿಸು’ ಎಂದವರು ‘ತೊಲಗು’ ಎಂದರೆಂದು ಅವನು ಎಷ್ಟೋ ದಿನ ಕೊರಗಿದ್ದುಂಟು. ಇಂಥ ಜೋಡಿಗಳಲ್ಲಿ ಇಂಗ್ಲಿಷರು ದನಿಯ ಒತ್ತನ್ನು ಹಾಕುವುದು ಧಾತುವಿನ ಮೇಲಲ್ಲ, ಅವ್ಯಯದ ಮೇಲೆ. ಕೇಳುವವನ ಕಿವಿಯೂ ಅಲ್ಲಿಯೇ ಇರಬೇಕು.

‘ಆನ್’ ಎಂದರೆ ತಾಗಿಕೊಂಡಿರುವುದು. ಕೆಲಸದ ದಾರಿಯನ್ನು ಬಿಡದೆ ತಾಗಿಕೊಂಡು ಸಾಗಿದರೆ ಅದು ಮುಂದುವರಿಕೆ. ಹೀಗೆ ದಿಕ್ಕಿನ ಅರ್ಥವು ನಿಧಾನವಾಗಿ ಭಾವದ ಅರ್ಥಕ್ಕೆ ತಿರುಗುತ್ತದೆ. ಬೆಲೆ ‘ಗೋಸ್ ಅಪ್’, ಜ್ವರ ‘ಗೋಸ್ ಡೌನ್’ ಎಂಬುವಲ್ಲಿ ತೊಡಕೇನೂ ಇಲ್ಲ. ನಾವೂ ಬೆಲೆ ಏರಿತು, ಜ್ವರ ಇಳಿಯಿತು ಎನ್ನುತ್ತೇವೆ. ನಿಜವಾದ ತೊಡಕು ‘ಗೋ ಆಫ್’ ಎಂಬಲ್ಲಿದೆ. ‘ದಿ ಲೈಟ್ ವೆಂಟ್ ಆಫ್’ ಎಂದರೆ ದೀಪವು ಕೆಲಸ ನಿಲ್ಲಿಸಿತು. ‘ದಿ ಅಲಾರ್ಮ್ ವೆಂಟ್ ಆಫ್’ ಎಂದರೆ ಗಡಿಯಾರದ ಗಂಟೆಯು ಕೆಲಸ ಆರಂಭಿಸಿತು! ‘ದಿ ಗನ್ ವೆಂಟ್ ಆಫ್’ ಎಂದರೆ ಬಂದೂಕು ಹಾರಿತು. ‘ದಿ ಮಿಲ್ಕ್ ವೆಂಟ್ ಆಫ್’ ಎಂದರೆ ಹಾಲು ಕೆಟ್ಟಿತು. ಒಂದೇ ಜೋಡಿಗೆ ನಿಲ್ಲುವುದೂ ಹೊರಡುವುದೂ ಅರ್ಥವಾದರೆ ಕಲಿಯುವವನು ಏನು ಮಾಡಬೇಕು?

ಪದದ ಬೇರನ್ನು ನೋಡಬೇಕು. ‘ಆಫ್’ ಮತ್ತು ‘ಆವ್’ ಎಂಬ ಎರಡು ಇಂಗ್ಲಿಷ್ ಮಾತುಗಳು ಹಿಂದೆ ಒಂದೇ ಆಗಿದ್ದವು. ‘ಬೇರ್ಪಟ್ಟು’, ‘ದೂರಕ್ಕೆ’ ಎಂಬುದೇ ಅದರ ಅರ್ಥ. ಯಾವುದರಿಂದ ಬೇರ್ಪಟ್ಟಿತು ಎಂದು ಕೇಳಿಕೊಂಡರೆ ಗಂಟು ಸಡಿಲುತ್ತದೆ. ದೀಪವು ಉರಿಯುವ ಸ್ಥಿತಿಯಿಂದ ಬೇರ್ಪಟ್ಟಿತು. ಬಂದೂಕೂ ಗಂಟೆಯೂ ತಮ್ಮನ್ನು ಹಿಡಿದಿದ್ದ ತಡೆಯಿಂದ ಬೇರ್ಪಟ್ಟವು. ಹಾಲು ತನ್ನ ಒಳ್ಳೆಯ ಸ್ಥಿತಿಯಿಂದ ಬೇರ್ಪಟ್ಟಿತು. ಈ ಕೀಲಿಕೈ ಎಲ್ಲ ಬೀಗಗಳಿಗೂ ಹತ್ತದೆಂಬುದನ್ನು ಒಪ್ಪಬೇಕು. ಕೆಲವನ್ನು ಬಾಯಿಪಾಠ ಮಾಡಿಯೇ ತೀರಬೇಕು.

ಇದು ಹೊರಗಿನವರೆಲ್ಲರಿಗೂ ಕಷ್ಟವೆಂದು ಸ್ಯಾಮ್ಯುಅಲ್ ಜಾನ್ಸನ್ನನು 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಹೇಳಿದ್ದನು. 1930ರಲ್ಲಿ ಸಿ. ಕೆ. ಆಗ್ಡನ್ ಎಂಬವರು 850 ಪದಗಳ ‘ಬೇಸಿಕ್ ಇಂಗ್ಲಿಷ್’ ಎಂಬ ಕಿರುಭಾಷೆಯನ್ನು ರಚಿಸಿದಾಗ ಅದರಲ್ಲಿ ಕ್ರಿಯಾಪದಗಳು 18 ಮಾತ್ರ. ಇದು ಸುಲಭವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಬಿಟ್ಟುಹೋದ ಧಾತುಗಳ ಭಾರವೆಲ್ಲ ಬಿದ್ದದ್ದು ಈ ಅವ್ಯಯಗಳ ಹೆಗಲಿಗೆ. ಪದ ಕಡಿಮೆಯಾದ ಮಾತ್ರಕ್ಕೆ ಕಲಿಕೆ ಕಡಿಮೆಯಾಗಲಿಲ್ಲವೆಂದೇ ನಮ್ಮ ಅಭಿಪ್ರಾಯ.

ಈಗ ಕನ್ನಡಿಯನ್ನು ತಿರುಗಿಸೋಣ. ಹರಪನಹಳ್ಳಿಯನ್ನೊಳಗೊಂಡ ಬಳ್ಳಾರಿ ಜಿಲ್ಲೆಯು ಮದರಾಸು ಆಧಿಪತ್ಯದಲ್ಲಿದ್ದ ಕಾಲದಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಎಂಬ ಪಾದ್ರಿಯು ಇಂಗ್ಲಿಷ್-ಕನ್ನಡ ನಿಘಂಟನ್ನು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲಿಯೂ ಹೊರತಂದನು. ಅಂಥ ಪರದೇಶಿಯ ಕಿವಿಗೆ ‘ಗೋಡೆ ಬಿದ್ದುಹೋಯಿತು’ ಎಂಬ ಮಾತು ಬಿದ್ದಿತೆನ್ನಿ. ಪದಶಃ ನೋಡಿದರೆ ಗೋಡೆಯು ಮೊದಲು ಬಿದ್ದು, ಆಮೇಲೆ ಎಲ್ಲಿಗೋ ನಡೆದು ಹೋಗಬೇಕು! ‘ಹಣ್ಣನ್ನು ತಿಂದುಬಿಟ್ಟ’ ಎಂದರೆ ತಿಂದನೋ ಬಿಟ್ಟನೋ? ಇಲ್ಲಿ ‘ಹೋಗು’, ‘ಬಿಡು’ಗಳು ತಮ್ಮ ಸ್ವಂತ ಅರ್ಥವನ್ನು ಕಳಚಿಟ್ಟು, ಕೃದಂತಾವ್ಯಯದ ಹಿಂದೆ ನಿಂತು, ಕೆಲಸವು ಪೂರ್ತಿಯಾಯಿತೆಂದು ಸಾರುತ್ತವೆ. ಇಂಗ್ಲಿಷರು ಇದೇ ಅರ್ಥವನ್ನು ‘ಈಟ್ ಅಪ್’, ‘ಬರ್ನ್ ಡೌನ್’ ಎಂದು ಅವ್ಯಯದಿಂದ ಹೇಳುತ್ತಾರೆ. ತಿನ್ನುವಾಗ ಮೇಲಕ್ಕೂ ಸುಡುವಾಗ ಕೆಳಕ್ಕೂ ಏಕೆ ಹೋಗುತ್ತದೆಂದು ಕೇಳುವ ವಿದ್ಯಾರ್ಥಿಯು, ತನ್ನ ಮನೆಯ ಗೋಡೆಯು ಬಿದ್ದು ಎಲ್ಲಿಗೆ ಹೋಯಿತೆಂದು ಎಂದಾದರೂ ಕೇಳಿದ್ದಾನೆಯೇ? ಅವರು ಅವ್ಯಯದಿಂದ ಮಾಡಿಸುವ ಚಾಕರಿಯನ್ನು ನಾವು ಎರಡನೆಯ ಧಾತುವಿನಿಂದ ಮಾಡಿಸುತ್ತೇವೆ. ಆದುದರಿಂದ ‘ಅಪ್’ ಎಂಬುದಕ್ಕೆ ‘ಮೇಲೆ’ ಎಂಬ ಅರ್ಥವನ್ನು ಎಲ್ಲೆಡೆಯೂ ತುರುಕುವ ಬದಲು, ‘ಬಿಡು’ ಅಥವಾ ‘ಹೋಗು’ ಹೊಂದೀತೇ ಎಂದು ಪರೀಕ್ಷಿಸುವುದು ಲೇಸು.

ಒಂದು ಎಚ್ಚರಿಕೆ. ‘ಗೋ ಅಪ್ ದಿ ಹಿಲ್’ ಎಂಬಲ್ಲಿ ‘ಅಪ್’ ಎಂಬುದು ಬೆಟ್ಟವೆಂಬ ನಾಮಪದಕ್ಕೆ ಅಂಟಿದ ಉಪಸರ್ಗಾವ್ಯಯ. ಬೆಟ್ಟವನ್ನು ತೆಗೆದು ‘ಗೋ ಅಪ್’ ಎಂದಷ್ಟೇ ಉಳಿಸಿದರೆ ಅದು ಕ್ರಿಯಾವಿಶೇಷಣ. ‘ಗೋ ಇಂಟು’ ಎಂಬುದರ ಮುಂದೆ ಗುಡಿಯನ್ನೋ ಮನೆಯನ್ನೋ ಹೇಳಲೇಬೇಕು. ‘ಗೋ ಇನ್’ ಎಂಬುದಕ್ಕೆ ಆ ಹಂಗಿಲ್ಲ.

ಕಡೆಯದಾಗಿ ಅಭ್ಯಾಸಕ್ಕೊಂದು ವಾಕ್ಯ: ‘ದಿ ಲ್ಯಾಂಪ್ ವೆಂಟ್ ಔಟ್, ದಿ ಅಲಾರ್ಮ್ ವೆಂಟ್ ಆಫ್, ಬಟ್ ಹಿ ವೆಂಟ್ ಆನ್ ಸ್ಲೀಪಿಂಗ್.’ ಇದನ್ನು ಕನ್ನಡಿಸಿ, ಮೂರು ‘ವೆಂಟ್’ಗಳಲ್ಲಿ ಎಷ್ಟಕ್ಕೆ ನಮ್ಮ ‘ಹೋಗು’ ಒಪ್ಪೀತೆಂದು ವಾಚಕರು ಎಣಿಸಲಿ. ನಮ್ಮ ಎಣಿಕೆಯಲ್ಲಿ ಒಂದಕ್ಕೆ ಮಾತ್ರ. ಅದೂ ‘ಆರಿಹೋಯಿತು’ ಎಂದು ಬಾಲದಲ್ಲಿ.