ಹುಣಸೆಯ ಬೀಜ

ಕಾಲಿದ್ದವರು ಹಂಪಿಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬ ಮಾತು ಕೊಪ್ಪಳದ ಸೀಮೆಯಲ್ಲಿ ಮನೆಮಾತಾಗಿದೆ. ಹಂಪಿಯು ವಿಸ್ತಾರವಾದುದು, ಅದನ್ನು ಸುತ್ತಲು ಕಾಲಿನ ಬಲ ಬೇಕು. ಕನಕಗಿರಿಯ ಕನಕಾಚಲಪತಿ ದೇವಾಲಯದ ಶಿಲ್ಪವನ್ನು ಸವಿಯಲು ಸೂಕ್ಷ್ಮವಾದ ಕಣ್ಣು ಬೇಕು. ಅಂತಹ ಕಣ್ಣುಳ್ಳ ಪ್ರವಾಸಿಯೂ ದಾರಿಯ ಬದಿಯ ಹುಣಸೆಯ ಮರವನ್ನು ನೆರಳಿಗಾಗಿ ಮಾತ್ರ ನೋಡುತ್ತಾನೆ. ಅದರ ಹಣ್ಣನ್ನು ಬಿಡಿಸಿದ ಮೇಲೆ ಉಳಿಯುವ ಬೀಜದ ಕಡೆಗಂತೂ ಅವನ ದೃಷ್ಟಿ ಹರಿಯುವುದೇ ಇಲ್ಲ. ಆ ಬೀಜವೇ ಈ ಪಾಠದ ವಿಷಯ.

ಬೇಸಿಗೆ ಬಂದಿತೆಂದರೆ ಹುಣಸೆಯ ಹಣ್ಣನ್ನು ಕುಟ್ಟಿ ಬೀಜ ತೆಗೆಯುವ ಕೆಲಸ ನಮ್ಮ ಹಳ್ಳಿಗಳ ಪಡಸಾಲೆಗಳಲ್ಲಿ ಮೊದಲಾಗುತ್ತದೆ. ಹಣ್ಣು ಗಡಿಗೆಯನ್ನು ಸೇರುತ್ತದೆ. ಬೀಜ ಅಂಗಳದ ಮೂಲೆಯನ್ನು ಸೇರುತ್ತದೆ. ಹುಡುಗರು ಅದರಲ್ಲಿ ನಾಲ್ಕನ್ನು ಆರಿಸಿಕೊಂಡು, ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಚೌಕಾಬಾರದ ಆಟಕ್ಕೆ ಬಳಸುತ್ತಾರೆ. ಹಾಗೆ ಉಜ್ಜಿದಾಗ ಕಾಣುವ ಬಿಳಿಯ ತಿರುಳಿನಲ್ಲಿಯೇ ಬೀಜದ ವಿಶೇಷವಿದೆ. ಮುಂದೆ ಮೊಳಕೆಗೆ ಆಹಾರವಾಗಲೆಂದು ಮರವು ಅಲ್ಲಿ ಒಂದು ಬಗೆಯ ಶರ್ಕರಪಿಷ್ಟವನ್ನು ಕೂಡಿಟ್ಟಿರುತ್ತದೆ. ಸಕ್ಕರೆಯ ಸಣ್ಣ ಅಣುಗಳು ಸರಪಣಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ಆದ ದೊಡ್ಡ ಅಣು ಅದು. ಬಿಸಿನೀರಿನಲ್ಲಿ ಅದು ನೀರನ್ನು ಹೀರಿ ಉಬ್ಬುತ್ತದೆ, ಮಂದವಾದ ಅಂಟಾಗುತ್ತದೆ. ಒಣಗಿದಾಗ ಬಿಗಿಯಾದ ಪೊರೆಯಾಗುತ್ತದೆ.

ಈ ಗುಣವನ್ನು ವಿಜ್ಞಾನಿಗಳಿಗಿಂತ ಬಹಳ ಮೊದಲೇ ಅರಿತವರು ಕುಶಲಕರ್ಮಿಗಳು. ನಮ್ಮ ಕಂಬಳಿ ನೇಯುವವರು ನೂಲಿಗೆ ಬಿಗಿ ಬರಲೆಂದು ಹುಣಸೆಯ ಬೀಜದ ಗಂಜಿಯನ್ನು ಹಚ್ಚುತ್ತಾರೆ. ಕೊಪ್ಪಳಕ್ಕೆ ಸಮೀಪದ ಕಿನ್ನಾಳ ಗ್ರಾಮದ ಚಿತ್ರಗಾರರು ಇದೇ ಬೀಜದಿಂದ ಇನ್ನೂ ಹೆಚ್ಚಿನ ಕೆಲಸವನ್ನು ತೆಗೆಯುತ್ತಾರೆ. ಹಂಪಿಯ ವಿರೂಪಾಕ್ಷ ದೇವಾಲಯದ ವರ್ಣಚಿತ್ರಗಳನ್ನು ಬರೆದವರು ತಮ್ಮ ಪೂರ್ವಜರೆಂದು ಅವರಲ್ಲಿ ಪ್ರತೀತಿಯಿದೆ. ಅವರು ಹಗುರವಾದ ಮರದಲ್ಲಿ ಗೊಂಬೆಯ ಅಂಗಗಳನ್ನು ಬೇರೆಬೇರೆಯಾಗಿ ಕೆತ್ತುತ್ತಾರೆ. ಬೀಜವನ್ನು ನೆನೆಸಿ ಅರೆದ ಅಂಟಿನಿಂದ ಆ ಅಂಗಗಳನ್ನು ಜೋಡಿಸುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಸಣ್ಣದಾಗಿ ಸೀಳಿ, ಒಣಗಿಸಿ ಪುಡಿ ಮಾಡಿ ಅದೇ ಅಂಟಿನಲ್ಲಿ ಕಲಸಿದರೆ ಕಿಟ್ಟ ಎಂಬ ಮುದ್ದೆ ಸಿದ್ಧವಾಗುತ್ತದೆ. ಅದನ್ನು ಗೊಂಬೆಯ ಮೈಗೆಲ್ಲ ಕೈಯಿಂದಲೇ ಬಳಿದು, ಅದರ ಮೇಲೆ ಹತ್ತಿಬಟ್ಟೆಯ ತುಣುಕುಗಳನ್ನು ಅಂಟಿಸಿ, ಮೇಲೆ ಬೆಣಚುಕಲ್ಲಿನ ಪುಡಿಯ ಲೇಪವನ್ನು ಕೊಡುತ್ತಾರೆ. ಬಣ್ಣ ಕೂರುವುದು ಈ ನೆಲೆಗಟ್ಟಿನ ಮೇಲೆ. ಬಣ್ಣಗಳಲ್ಲಿ ಇಂದು ಅಂಗಡಿಯ ಬಣ್ಣಗಳೂ ಸೇರಿಕೊಂಡಿವೆಯಾದರೂ ಬಣ್ಣದ ಕೆಳಗಿನ ಹುಣಸೆಯ ಬೀಜ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

ಕಿನ್ನಾಳದ ಒರಳಿನಲ್ಲಿ ಅರೆಯುವ ಈ ವಸ್ತು ಕಾರ್ಖಾನೆಯನ್ನು ಪ್ರವೇಶಿಸಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಬಟ್ಟೆ ಮತ್ತು ಸೆಣಬಿನ ಗಿರಣಿಗಳಲ್ಲಿ ನೂಲಿಗೆ ಗಂಜಿ ಕೊಡಲು ಹೇರಳವಾಗಿ ಪಿಷ್ಟ ಬೇಕು. ಯುದ್ಧದ ದಿನಗಳಲ್ಲಿ ಅದಕ್ಕೆ ಅಭಾವ ಉಂಟಾಯಿತು. 1942ರಲ್ಲಿ ಟಿ. ಪಿ. ಘೋಷ್ ಮತ್ತು ಎಸ್. ಕೃಷ್ಣ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು, ಹುಣಸೆಯ ಬೀಜದ ತಿರುಳಿನಲ್ಲಿ ಸುಮಾರು ಅರ್ಧದಷ್ಟು ಇಂತಹ ಅಂಟುದ್ರವ್ಯವಿದೆ ಎಂದು ಪ್ರಕಟಿಸಿದರು. ಅಂದಿನಿಂದ ಈ ಬೀಜದ ಹಿಟ್ಟು ಗಿರಣಿಗಳಿಗೆ ಬೇಕಾದ ಸರಕಾಯಿತು. ಬಟ್ಟೆಯ ಮೇಲೆ ಅಚ್ಚು ಹಾಕುವಾಗ ಬಣ್ಣ ಹರಡದಂತೆ ಅದನ್ನು ಮಂದಗೊಳಿಸಲು ಇದನ್ನು ಬಳಸುತ್ತಾರೆ. ಶುದ್ಧೀಕರಿಸಿದ ಅಂಟನ್ನು ಜಪಾನಿನಲ್ಲಿ ಆಹಾರ ಪದಾರ್ಥಗಳಲ್ಲಿ ಸೇರಿಸುತ್ತಾರೆ. ಕಣ್ಣಿಗೆ ಹಾಕುವ ಕೆಲವು ಔಷಧಗಳಲ್ಲಿಯೂ ಅದು ಉಂಟು. ಹೀಗೆ ಗಿಡಮರಗಳಿಂದ ಪಡೆದು ಕೈಗಾರಿಕೆಯಲ್ಲಿ ಬಳಸುವ ದ್ರವ್ಯಗಳನ್ನು ಸಸ್ಯಜನ್ಯ ರಾಸಾಯನಿಕಗಳು ಎನ್ನಬಹುದು.

ಬೆಲೆಯುಳ್ಳ ವಸ್ತುವಾದರೆ ಅದು ಅಂಗಳದ ಮೂಲೆಯಲ್ಲಿ ಏಕೆ ಬಿದ್ದಿರುತ್ತದೆ? ಈ ಪ್ರಶ್ನೆ ಸಹಜವಾದುದು. ಇದಕ್ಕೆ ಉತ್ತರವನ್ನು ಕಾಣಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಬಣ್ಣ, ಅಂಟು, ಅರಗು, ಎಣ್ಣೆ ಇವೆಲ್ಲವೂ ಬಹುಮಟ್ಟಿಗೆ ಸಸ್ಯ ಮತ್ತು ಪ್ರಾಣಿಗಳಿಂದಲೇ ದೊರೆಯುತ್ತಿದ್ದುವು. ಆಮೇಲೆ ಕಲ್ಲಿದ್ದಲಿನ ಡಾಂಬರಿನಿಂದಲೂ, ಅನಂತರ ಪೆಟ್ರೋಲಿಯಂನಿಂದಲೂ ಅವುಗಳನ್ನು ತಯಾರಿಸುವ ವಿದ್ಯೆ ಬೆಳೆಯಿತು. ಜರ್ಮನಿಯ ಬಿಎಎಸ್‌ಎಫ್ ಕಂಪನಿಯು 1897ರಲ್ಲಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಕೆಲವೇ ವರ್ಷಗಳಲ್ಲಿ ಭಾರತದ ನೀಲಿಯ ಬೆಳೆ ಕುಗ್ಗಿಹೋಯಿತು. ಕೃತಕ ನೀಲಿ ಅಗ್ಗವಾಗಿದ್ದುದು ಇದಕ್ಕೆ ಒಂದು ಕಾರಣ. ಆದರೆ ಅದೊಂದೇ ಕಾರಣವಲ್ಲ. ಕಾರ್ಖಾನೆಯ ನೀಲಿ ಪ್ರತಿ ಸಲವೂ ಒಂದೇ ಹದದಲ್ಲಿರುತ್ತಿತ್ತು; ಹೊಲದ ನೀಲಿ ಮಳೆ, ಮಣ್ಣು ಮತ್ತು ಬೇಯಿಸುವವನ ಕೈಗುಣಗಳಿಗೆ ತಕ್ಕಂತೆ ಬದಲಾಗುತ್ತಿತ್ತು. ಬಣ್ಣಗಾರನಿಗೆ ಬೇಕಾದದ್ದು ನಂಬಿಕೆಗೆ ಅರ್ಹವಾದ ಸರಕು. ಸಸ್ಯಜನ್ಯ ವಸ್ತುಗಳು ಸೋತದ್ದು ಹೆಚ್ಚಾಗಿ ಈ ಸ್ಥಳದಲ್ಲಿ ಎಂದು ನನ್ನ ಭಾವನೆ.

ಈಗ ಗಾಳಿ ಮತ್ತೆ ಅವುಗಳ ಕಡೆಗೆ ಬೀಸುತ್ತಿದೆ. ಪೆಟ್ರೋಲಿಯಂ ಮುಗಿಯುವ ನಿಧಿ. ನಮ್ಮ ದೇಶವು ಅದರ ಬಹುಭಾಗವನ್ನು ಹೊರಗಿನಿಂದ ಕೊಳ್ಳುತ್ತದೆ. ಅದರಿಂದಾದ ಪ್ಲಾಸ್ಟಿಕ್ ಮಣ್ಣಿನಲ್ಲಿ ಕರಗದೆ ಚರಂಡಿಗಳನ್ನೂ ದನಗಳ ಹೊಟ್ಟೆಯನ್ನೂ ತುಂಬುತ್ತದೆ. ಕರ್ನಾಟಕ ಸರ್ಕಾರವು 2016ರಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ ಮೊದಲಾದುವನ್ನು ನಿಷೇಧಿಸಿತು. ಒಮ್ಮೆ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಬಂದಿತು. ಜೈವಿಕ ಮೂಲದ ಉತ್ಪಾದನೆಗೆ ಪ್ರೋತ್ಸಾಹ ಕೊಡುವ ಬಯೋಇ3 ಎಂಬ ನೀತಿಗೆ ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟಿನಲ್ಲಿ ಒಪ್ಪಿಗೆ ನೀಡಿತು.

ಇಷ್ಟರಿಂದಲೇ ರೈತನ ಕಣಜ ತುಂಬುವುದೆಂದು ತಿಳಿಯುವಂತಿಲ್ಲ. ಚವಳಿಕಾಯಿಯ ಕಥೆಯನ್ನು ನೋಡಿ. ಗೋರಿಕಾಯಿ ಎಂದೂ ಕರೆಯುವ ಈ ಕಾಯಿಯನ್ನು ನಾವು ಪಲ್ಯಕ್ಕೆ ಬಳಸುತ್ತೇವೆ. ರಾಜಸ್ಥಾನದ ರೈತರು ಇದನ್ನು ಬೀಜಕ್ಕಾಗಿ ಬೆಳೆಯುತ್ತಾರೆ, ಏಕೆಂದರೆ ಅದರ ಬೀಜದಲ್ಲಿಯೂ ಹುಣಸೆಯ ಬೀಜದಲ್ಲಿರುವಂತಹ ಅಂಟು ಇದೆ. ಅಮೆರಿಕೆಯಲ್ಲಿ ನೆಲದಾಳದ ಬಂಡೆಯನ್ನು ಸೀಳಿ ಅನಿಲವನ್ನೂ ತೈಲವನ್ನೂ ತೆಗೆಯುವವರು, ಮರಳನ್ನು ಬಿರುಕಿನೊಳಕ್ಕೆ ಒಯ್ಯುವ ನೀರನ್ನು ಈ ಅಂಟಿನಿಂದ ಮಂದ ಮಾಡುತ್ತಾರೆ. ಅವರ ಬೇಡಿಕೆಯಿಂದ 2011-12ರಲ್ಲಿ ಬೀಜದ ಬೆಲೆ ಅನೇಕ ಪಟ್ಟು ಏರಿತು. 2012ರ ಮಾರ್ಚಿನಲ್ಲಿ ಅದರ ವಾಯಿದೆ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು. ಬೆಲೆಯನ್ನು ಕಂಡ ರೈತರು ಹೆಚ್ಚು ಬಿತ್ತಿದರು. ಕೊಳ್ಳುವವರು ಬದಲಿ ವಸ್ತುಗಳನ್ನು ಹುಡುಕಿದರು. 2014ರಲ್ಲಿ ಕಚ್ಚಾ ತೈಲದ ಬೆಲೆಯೂ ಕುಸಿಯಿತು. ಏರಿದ ಬೆಲೆ ನೆಲಕ್ಕಿಳಿಯಿತು. ಬಿತ್ತಿದವನಿಗೆ ಅಮೆರಿಕೆಯ ಕೊಳವೆಬಾವಿಯ ಸಂಗತಿ ತಿಳಿಯುವ ಬಗೆ ಯಾವುದು?

ಮತ್ತೊಂದು ತೊಡಕು ವಸ್ತುವಿನ ಸ್ವಭಾವದಲ್ಲಿಯೇ ಇದೆ. ಅದನ್ನು ಗಂಗಾವತಿಯಲ್ಲಿ ಕಾಣಬಹುದು. ತುಂಗಭದ್ರೆಯ ಕಾಲುವೆಯ ನೀರಿನಿಂದ ಭತ್ತದ ಕಣಜವೆಂದು ಹೆಸರಾದ ಆ ಊರಿನಲ್ಲಿ ಅಕ್ಕಿಯ ಗಿರಣಿಗಳು ಸಾಲಾಗಿವೆ. ಅಕ್ಕಿಗೆ ಪಾಲಿಶ್ ಕೊಡುವಾಗ ಉದುರುವ ತೌಡಿನಲ್ಲಿ ಒಳ್ಳೆಯ ಎಣ್ಣೆಯಿದೆ. ಆದರೆ ತೌಡು ಅಕ್ಕಿಯಿಂದ ಬೇರೆಯಾದ ಕೂಡಲೇ ಅದರಲ್ಲಿರುವ ಕಿಣ್ವವು ಎಣ್ಣೆಯನ್ನು ಒಡೆಯತೊಡಗುತ್ತದೆ. ಬೇಗನೆ ಕಾಯಿಸದಿದ್ದರೆ, ಇಲ್ಲವೆ ಎಣ್ಣೆ ತೆಗೆಯುವ ಕಾರ್ಖಾನೆಗೆ ಒಯ್ಯದಿದ್ದರೆ, ಅಡುಗೆಗೆ ಆಗಬೇಕಾದ ಎಣ್ಣೆ ಸಾಬೂನಿಗೆ ಹೋಗುತ್ತದೆ. ಪೆಟ್ರೋಲಿಯಂ ಹೀಗೆ ಅವಸರಪಡಿಸುವುದಿಲ್ಲ. ವರ್ಷಗಟ್ಟಲೆ ತೊಟ್ಟಿಯಲ್ಲಿ ಕಾದಿರುತ್ತದೆ.

ಭತ್ತದ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹೊಟ್ಟು. ಗಿರಣಿಗಳಲ್ಲಿ ಅದನ್ನು ಬಾಯ್ಲರಿಗೆ ಹಾಕಿ ಉರಿಸುತ್ತಾರೆ. ಉಳಿಯುವ ಬೂದಿಯಲ್ಲಿ ಹೇರಳವಾಗಿರುವ ಸಿಲಿಕಾ ಟೈರಿನ ರಬ್ಬರಿಗೆ ಬಲ ಕೊಡಬಲ್ಲುದು. ಉರಿಸದೆ ಆಮ್ಲದೊಡನೆ ಬೇಯಿಸಿದರೆ ಹೊಟ್ಟಿನಿಂದ ಫರ್ಫ್ಯುರಾಲ್ ಎಂಬ ದ್ರವವನ್ನು ಪಡೆಯಬಹುದು. ಅಮೆರಿಕೆಯ ಕ್ವೇಕರ್ ಓಟ್ಸ್ ಕಂಪನಿಯು 1922ರಲ್ಲಿಯೇ ಓಟ್ಸ್ ಧಾನ್ಯದ ಹೊಟ್ಟಿನಿಂದ ಇದನ್ನು ಕೈಗಾರಿಕೆಯ ಪ್ರಮಾಣದಲ್ಲಿ ತಯಾರಿಸತೊಡಗಿತು. ಆ ಹೊಟ್ಟನ್ನು ಅವರು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಅದು ಅವರದೇ ಗಿರಣಿಯ ಬಾಗಿಲಲ್ಲಿ ರಾಶಿ ಬಿದ್ದಿತ್ತು. ಗಂಗಾವತಿಯ ಹೊಟ್ಟಿಗೂ ಈ ಅನುಕೂಲವಿದೆ. ಹುಣಸೆಯ ಬೀಜಕ್ಕೆ ಇಲ್ಲ. ಅದು ಸಾವಿರ ಅಂಗಳಗಳಲ್ಲಿ ಬೊಗಸೆ ಬೊಗಸೆಯಾಗಿ ಹಂಚಿಹೋಗಿದೆ. ಅದನ್ನು ಒಂದೆಡೆ ಕೂಡಿಸುವ ಗಾಡಿಯ ಬಾಡಿಗೆಯೇ ಅದರ ಬೆಲೆಯನ್ನು ನುಂಗುತ್ತದೆ. ನಮ್ಮ ಪ್ರಶ್ನೆಗೆ ಇದೇ ಉತ್ತರ.

ಮಾರುಕಟ್ಟೆಯ ಈ ಪೈಪೋಟಿಯನ್ನು ಕೊಪ್ಪಳ ಜಿಲ್ಲೆಯು ತನ್ನ ಎಲ್ಲೆಯೊಳಗೇ ಕಾಣುತ್ತಿದೆ. 2021ರ ಜನವರಿಯಲ್ಲಿ ಭಾನಾಪುರದ ಬಳಿ ಆಟಿಕೆಗಳ ದೊಡ್ಡ ಕೈಗಾರಿಕಾ ಸಂಕೀರ್ಣಕ್ಕೆ ಶಂಕುಸ್ಥಾಪನೆ ನಡೆಯಿತು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಗೊಂಬೆಗಳು ಒಂದರಂತೆ ಒಂದು, ಸಾವಿರಗಟ್ಟಲೆ ಹೊರಬರುತ್ತವೆ. ಅದೇ ತಿಂಗಳ ಮೊದಲ ದಿನದಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯವಾಯಿತು. ಇದಕ್ಕಾಗಿ ಪ್ರಯೋಗಾಲಯದ ಪರೀಕ್ಷೆ ಬೇಕು. ಅಂಗಳದಲ್ಲಿ ಕುಳಿತು ಕೆಲಸ ಮಾಡುವ ಚಿತ್ರಗಾರನಿಗೆ ಇದು ಎಟುಕುವಂತಹುದಲ್ಲ. ನೋಂದಾಯಿತ ಕುಶಲಕರ್ಮಿಗಳಿಗೂ, ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಆಟಿಕೆಗಳಿಗೂ ಸರ್ಕಾರವು ವಿನಾಯಿತಿ ಕೊಟ್ಟಿತು. ಆ ಮಾನ್ಯತೆಯುಳ್ಳ ಕಿನ್ನಾಳದ ಗೊಂಬೆ ಹೀಗೆ ಉಳಿದುಕೊಂಡಿತು. ಅದು ಬೆಲೆಯಲ್ಲಿ ಪ್ಲಾಸ್ಟಿಕ್ ಗೊಂಬೆಯನ್ನು ಗೆಲ್ಲಲಾರದು. ತನ್ನ ಹೆಸರನ್ನು ಬಲ್ಲವರನ್ನೇ ಅದು ಹುಡುಕಿಕೊಳ್ಳಬೇಕು.

ಹುಣಸೆಯ ಬೀಜಕ್ಕೆ ಆ ಬಗೆಯ ಹೆಸರಿಲ್ಲ. ಗಿರಣಿಯವನು ಅದು ಯಾವ ಊರಿನದೆಂದು ಕೇಳುವುದಿಲ್ಲ. ಒಣಗಿದೆಯೇ, ಹುಳು ಹಿಡಿದಿದೆಯೇ, ಮಣ್ಣು ಬೆರೆತಿದೆಯೇ ಎಂದು ಕೇಳುತ್ತಾನೆ. ಬೀಜವಾಗಿ ಮಾರಿದರೆ ಕನಿಷ್ಠ ಬೆಲೆ, ಸಿಪ್ಪೆ ತೆಗೆದ ತಿರುಳಿಗೆ ಅದಕ್ಕಿಂತ ಹೆಚ್ಚು, ಹಿಟ್ಟಿಗೆ ಇನ್ನೂ ಹೆಚ್ಚು, ಶುದ್ಧೀಕರಿಸಿದ ಅಂಟಿಗೆ ಎಲ್ಲಕ್ಕಿಂತ ಹೆಚ್ಚು. ಕೊನೆಯ ಮೆಟ್ಟಿಲಿಗೆ ದೊಡ್ಡ ಯಂತ್ರಗಳೂ ರಸಾಯನಜ್ಞರೂ ಬೇಕು. ಮೊದಲ ಮೆಟ್ಟಿಲಿಗೆ ಬೇಕಾದದ್ದು ಬೀಜವನ್ನು ಬಿಸಿಲಿಗೆ ಹರವಿ, ಹುರಿದು, ಕುಟ್ಟಿ, ಕೇರಿ ಸಿಪ್ಪೆಯನ್ನು ಬೇರ್ಪಡಿಸುವ ಕೆಲಸ. ಮರದಿಂದ ಮೊರದವರೆಗಿನ ಈ ಕೆಲಸವನ್ನು ಊರಿನ ಹತ್ತು ಮನೆಗಳ ಹೆಂಗಸರು ಕೂಡಿ ಮಾಡಬಲ್ಲರು. ಆದರೆ ಅದು ಮುಂಗಾರಿಗೆ ಮೊದಲೇ ಮುಗಿಯಬೇಕು. ಮಳೆ ಹಿಡಿದರೆ ಬೀಜಕ್ಕೆ ಬೂಷ್ಟು ಹತ್ತುತ್ತದೆ.