ಒರಲಿ ಮೇಲೆ ಬೆಳೆಯುವ ಬೂಷ್ಟು

ಅಕ್ಕಾ, ಮಳೆಗಾಲದಲ್ಲಿ ಉಳಿದ ರೊಟ್ಟಿಗೆ ಬೂಷ್ಟು ಬರುತ್ತದೆ. ನೀವು ನೋಡಿದ್ದೀರಿ. ಅಂಥದೇ ಒಂದು ಬೂಷ್ಟು ಜೀವಂತ ಹುಳದ ಮೇಲೆ ಬೆಳೆಯುತ್ತದೆ. ಒರಲಿಯನ್ನೂ ಕೊಲ್ಲುತ್ತದೆ. ಒರಲಿ ಎಂದರೆ ಗೆದ್ದಲು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಎಲ್ಲಿ ನೋಡಿದರೂ ಕಬ್ಬು. ಹಚ್ಚಿದ ಕಬ್ಬಿನ ತುಂಡಿನೊಳಗೆ ಒರಲಿ ಹೋಗುತ್ತದೆ. ಕಡಿದ ತುದಿಯೇ ಅದಕ್ಕೆ ಬಾಗಿಲು. ಒಳಗಿನ ತಿರುಳು ತಿಂದು ಮಣ್ಣು ತುಂಬುತ್ತದೆ. ಕಣ್ಣು ಒಡೆಯುವುದಿಲ್ಲ. ಬೀಜದ ರೊಕ್ಕ ಹೋಯಿತು, ಆಳಿನ ರೊಕ್ಕ ಹೋಯಿತು, ಸಾಲ ಉಳಿಯಿತು.

ಒರಲಿ ಕೊಲ್ಲುವ ಬೂಷ್ಟನ್ನು ಬೆಳೆಸಿ, ಪುಡಿ ಮಾಡಿ ಮಾರುತ್ತಾರೆ. ಅದರ ಹೆಸರು ಮೆಟರೈಜಿಯಂ. ಕಬ್ಬಿನ ಗೊಣ್ಣೆ ಹುಳಕ್ಕೂ ಇದನ್ನೇ ಹಾಕುತ್ತಾರೆ. 1879ರಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ಇದನ್ನು ಗೋಧಿ ಬೆಳೆಯ ದುಂಬಿಯ ಮೇಲೆ ಕಂಡರು.

ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಈ ಪುಡಿ ಹಾಕಿದ್ದರು. "ಟೀಚರ್, ಒಂದ್ ಒರಲೀನೂ ಸಾಯ್ಲಿಲ್ರೀ. ಬರೇ ಬೂದಿ ಕೊಟ್ಟಾರ" ಎಂದು ಸಿಟ್ಟಾದರು. "ಪೊಟ್ಟಣ ತಗೊಂಡ್ ಬರ್ರಿ" ಎಂದೆ. ಎಲ್ಲರೂ ಕೂಡಿ ಓದಿದೆವು. ಅವಧಿ ಮುಗಿದು ಎಂಟು ತಿಂಗಳಾಗಿತ್ತು.

ಪುಡಿಗೆ ಅವಧಿ ಯಾಕೆ? ಯಾಕೆಂದರೆ ಅದರಲ್ಲಿ ಜೀವ ಇದೆ. ಪುಡಿಯಲ್ಲಿ ಬೂಷ್ಟಿನ ಬೀಜ ಇದೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಅದು ಒರಲಿಯ ಮೈಗೆ ಅಂಟುತ್ತದೆ. ಹಸಿ ಇದ್ದರೆ ಮೊಳೆಯುತ್ತದೆ. ಚರ್ಮ ಕೊರೆದು ಒಳಗೆ ಹೋಗುತ್ತದೆ. ಒಳಗೇ ಬೆಳೆದು ಕೆಲವೇ ದಿನಗಳಲ್ಲಿ ಒರಲಿಯನ್ನು ಕೊಲ್ಲುತ್ತದೆ. ಆಮೇಲೆ ಸತ್ತ ಹುಳದ ಮೇಲೆ ಬಿಳಿ ಬೂಷ್ಟು ಏಳುತ್ತದೆ. ಮುಂದೆ ಅದು ಹಸಿರಾಗುತ್ತದೆ. ಆ ಹಸಿರೇ ಹೊಸ ಬೀಜ.

ಆದರೆ ಒರಲಿ ಏನು ಸುಮ್ಮನೆ ಕೂಡುತ್ತದೆಯೇ? ಒಂದರ ಮೈ ಇನ್ನೊಂದು ನೆಕ್ಕಿ ಬೀಜ ತೆಗೆಯುತ್ತದೆ. ಸತ್ತದ್ದನ್ನು ಮಣ್ಣಲ್ಲಿ ಹೂಳುತ್ತದೆ. ಅದಕ್ಕೇ ಒಮ್ಮೆ ಪುಡಿ ಹಾಕಿದರೆ ಇಡೀ ಹುತ್ತ ಸಾಯುತ್ತದೆ ಎಂದು ನಾನು ಹೇಳುವುದಿಲ್ಲ. ಅಂಗಡಿಯವರು ಹೇಳಿದರೂ ನಂಬಬೇಡಿರಿ.

ಬಿಸಿಲಿಗೆ ಈ ಬೀಜ ಸಾಯುತ್ತದೆ. ಒಲೆಯ ಹತ್ತಿರ ಇಟ್ಟರೂ ಸಾಯುತ್ತದೆ. ಪೊಟ್ಟಣವನ್ನು ತಂಪು ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿರಿ. ಚೆನ್ನಾಗಿ ಕಳಿತ ತಿಪ್ಪಿಗೊಬ್ಬರದಲ್ಲಿ ಕಲಸಿ, ಸಂಜೆ ಹೊತ್ತು ಹಸಿ ಮಣ್ಣಿಗೆ ಹಾಕಿ ಮುಚ್ಚಿರಿ. ಕಲಸುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳಿರಿ. ಬೂಷ್ಟು ರೋಗದ ಔಷಧಿ ಜೊತೆ ಕಲಸಬೇಡಿರಿ. ಆ ಔಷಧಿ ಕೊಲ್ಲುವುದೇ ಬೂಷ್ಟನ್ನು! ಎಷ್ಟು ಹಾಕಬೇಕು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ಹುತ್ತದ ಮೇಲೆ ಅಣಬೆ ಏಳುತ್ತದೆ. ಅದು ಬೇರೆ. ಅದನ್ನು ಒರಲಿಯೇ ಹುತ್ತದೊಳಗೆ ಸಾಕುತ್ತದೆ. ಕಟ್ಟಿಗೆ, ಸೊಪ್ಪೆ ತಂದು ಅದರ ಮೇಲೆ ಬೆಳೆಸಿ ತಿನ್ನುತ್ತದೆ. ಅದೂ ಒಂದು ನಮೂನೆ ಒಕ್ಕಲುತನ!

ಓದಿರಿ, ಹೇಳಿರಿ

ಮನೆಯಲ್ಲಿರುವ ಯಾವುದಾದರೂ ಔಷಧಿ ಪೊಟ್ಟಣ ತನ್ನಿರಿ. ಅಕ್ಷರ ಇಂಗ್ಲಿಷಿನಲ್ಲಿದ್ದರೂ ಅಂಕಿ ಓದಬಹುದು. ಎರಡು ತಾರೀಖು ಹುಡುಕಿರಿ. ಹಿಂದಿನದು ತಯಾರಾದ ದಿನ. ಮುಂದಿನದು ಅವಧಿ ಮುಗಿಯುವ ದಿನ. ಇಂದಿನ ತಾರೀಖು ಪಕ್ಕದಲ್ಲಿ ಬರೆಯಿರಿ. ಇನ್ನೂ ಎಷ್ಟು ತಿಂಗಳು ಉಳಿದಿದೆ?