ಕಾಲೇಜಿನ ಮುಖ್ಯಸ್ಥರು ಯಾವಾಗ ಮಾತಾಡಬೇಕು?

ಏನೇ ಸುದ್ದಿ ಬಂದ್ರೂ ಪ್ರಿನ್ಸಿಪಾಲರು ಹೇಳಿಕೆ ಕೊಡಬೇಕು ಅಂತ ನಾವು ಕೇಳ್ತೀವಿ. ಎಲ್ಲದಕ್ಕೂ ಬೇಡ. 1967ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಕಾಲ್ವೆನ್ ಸಮಿತಿ ಹೇಳಿದ್ದು ಇಷ್ಟೇ: ವಾದ ಮಾಡೋದು ವಿದ್ಯಾರ್ಥಿಗಳ, ಮೇಷ್ಟ್ರುಗಳ ಕೆಲಸ, ಸಂಸ್ಥೆಯ ಬುಡಕ್ಕೇ ಪೆಟ್ಟು ಬಿದ್ದಾಗ ಮಾತ್ರ ಸಂಸ್ಥೆ ಬಾಯಿ ಬಿಡಬೇಕು.

ನಮ್ಮ ಕೊಪ್ಪಳದಲ್ಲಿ ಅಂಥ ದಿನ ಬಂತು. 2025ರ ಫೆಬ್ರವರಿ 24, ಊರಿಗೆ ಅಂಟಿಕೊಂಡ ಬಲ್ಡೋಟಾ ಉಕ್ಕಿನ ಕಾರ್ಖಾನೆ ವಿಸ್ತರಣೆ ವಿರುದ್ಧ ಬಂದ್. ಗವಿಮಠದ ಗವಿಸಿದ್ಧೇಶ್ವರ ಸ್ವಾಮೀಜಿ ವೇದಿಕೆಯಲ್ಲೇ ಕಾರ್ಖಾನೆ ಬೇಡ ಅಂದ್ರು. ಮಠದ ಟ್ರಸ್ಟ್ ಕಾಲೇಜುಗಳನ್ನೂ ನಡೆಸುತ್ತೆ. ಅಲ್ಲಿನ ಮಕ್ಕಳು ಉಸಿರಾಡೋದು ಇದೇ ಗಾಳಿ. ಹಾಗಾಗಿ ಅದು ಬರೀ ರಾಜಕೀಯದ ಮಾತಲ್ಲ. ತೀರ್ಮಾನ ಬದಲಿಸೋಕೆ ಹೊತ್ತೂ ಇತ್ತು: ಮಾರ್ಚ್‌ನಲ್ಲಿ ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸೋಕೆ ಸೂಚಿಸಿದ್ರು. (ಹೋರಾಟ ಅಲ್ಲಿಗೇ ಮುಗೀಲಿಲ್ಲ ಬಿಡಿ.)

ಒಂದು ವಿಷಯ ಮಾತ್ರ ನಮ್ಮನ್ನ ಕಾಡುತ್ತೆ. ಅಪ್ಪ ಕಾರ್ಖಾನೆಯಲ್ಲೇ ದುಡಿಯೋ ಹುಡುಗನೂ ಕಾಲೇಜಲ್ಲಿ ಇರ್ತಾನೆ. ಮುಖ್ಯಸ್ಥರು ಮಾತಾಡಿದ ಮರುದಿನ ಅವನು ಕ್ಲಾಸಲ್ಲಿ ಹೆದರದೆ ಎದುರು ವಾದ ಮಾಡೋ ಹಾಗಿರಬೇಕು.